ಪೆಡಲ್ ಇಲ್ಲದ ಕ್ಲಚ್ಚು

ಇದು ಧೂಪದ ವಾಸನೆಯಲ್ಲ, ಊದುಬತ್ತಿಯದೂ ಅಲ್ಲ, ಇದು ಕ್ಲಚ್ ಪ್ಲೇಟ್ ಸೀಯುತ್ತಿರುವ ವಾಸನೆ, ಇಪ್ಪತ್ತಾರು ವರ್ಷ ಶಿರಾ ಗೇಟಿನ ಗ್ಯಾರೇಜಿನಲ್ಲಿ ಕುಡಿದ ವಾಸನೆ ನನಗೆ ಗೊತ್ತಾಗದೆ ಇನ್ಯಾರಿಗೆ ಗೊತ್ತಾಗಬೇಕು — ಮಾವ, ಏನೋ ಸುಟ್ಟ ವಾಸ್ನೆ ಬರ್ತೈತಲ್ವಾ ಅನ್ನುತ್ತಾನೆ ಪಕ್ಕದ ಸೀಟಿನಲ್ಲಿ ಪೇಟ ಕಟ್ಟಿ ಹಾರ ಹಾಕಿಕೊಂಡು ಕೂತ ಪ್ರಭುದೇವ, ನಾಳೆ ಬೆಳಿಗ್ಗೆ ನನ್ನ ಮಗಳು ರೂಪಶ್ರೀಗೆ ತಾಳಿ ಕಟ್ಟುವ ಹುಡುಗ, ಪಟಾಕಿ ಇರ್ಬೇಕು ಬಿಡಪ್ಪ ಅನ್ನುತ್ತೇನೆ, ಸುಳ್ಳು, ಎಲ್ಲಿದೆ ಪಟಾಕಿ, ಕಾರಿನ ಮುಂದೆ ಇರುವುದು ವೀರಗಾಸೆಯವರು, ಹತ್ತು ಹೆಜ್ಜೆಗೊಮ್ಮೆ ನಿಲ್ಲುತ್ತಾರೆ, ವೀರಭದ್ರನ ಒಡಪು ಹೇಳುತ್ತಾರೆ, ಕತ್ತಿ ಝಳಪಿಸುತ್ತಾರೆ, ನಾನು ಸ್ಟೇರಿಂಗ್ ಹಿಂದೆ ಗೇರ್ ಬದಲಿಸಲಿಕ್ಕಿರುವ ಎರಡು ಪಟ್ಟಿಯನ್ನೂ ಒಟ್ಟಿಗೆ ಎಳೆದು ನ್ಯೂಟ್ರಲ್ ಮಾಡುತ್ತೇನೆ, ಅವರು ಮತ್ತೆ ಹತ್ತು ಹೆಜ್ಜೆ ಹೋಗುತ್ತಾರೆ, ನಾನು ಮತ್ತೆ ಒಂದನೇ ಗೇರ್ ಹಾಕುತ್ತೇನೆ, ಪ್ಲೇಟ್ ಮತ್ತೆ ಒಂದಿಷ್ಟು ಸವೆಯುತ್ತದೆ — ಅಯ್ಯಾ ಪುಣ್ಯಾತ್ಮರೇ, ದಕ್ಷನ ತಲೆಯನ್ನು ಛತ್ರದ ಹತ್ತಿರ ಹೋಗಿ ಕಡಿಯಿರಿ, ಐದೂಮುಕ್ಕಾಲಿಗೆ ವರಪೂಜೆ, ಈಗ ಐದೂ ಇಪ್ಪತ್ತು, ಗುಬ್ಬಿಯಪ್ಪನ ದೇವಸ್ಥಾನದಿಂದ ಹೊರಟು ಮುಕ್ಕಾಲು ಗಂಟೆಯಾಯಿತು. ನಾನು ಇರಬೇಕಾದ್ದು ಇಲ್ಲಲ್ಲ. ಛತ್ರದ ಬಾಗಿಲಲ್ಲಿ ಚೊಂಬು ಹಿಡಿದ ಶಿವರುದ್ರಮ್ಮನ ಪಕ್ಕದಲ್ಲಿ ನಿಂತು ಅಳಿಯನನ್ನು ಎದುರುಗೊಳ್ಳಬೇಕು, ಅವಳು ನೀರು ಹಾಕಬೇಕು, ನಾನು ಬಗ್ಗಿ ಅವನ ಕಾಲು ತೊಳೆಯಬೇಕು. ನೀವು ಬಾಗ್ಲಲ್ಲಿ ಇರ್ಬೇಕು ಕಣ್ರೀ, ಡ್ರೈವರ್ ಸೀಟಲ್ಲಲ್ಲ, ಅಂತ ಬೆಳಿಗ್ಗೆಯಿಂದ ಮೂರು ಸಲ ಹೇಳಿದಳು, ಹೆಂಡತಿಯ ಮಾತನ್ನು ಯಾವತ್ತು ಕೇಳಿದ್ದೇನೆ ಇವತ್ತು ಕೇಳುವುದಕ್ಕೆ.

ಎಲ್ಲಾ ಈ ಮೂಡಲಗಿರಿಯಪ್ಪನಿಂದ, ನಿಟ್ಟೂರಿನ ಟೈಲ್ಸ್ ಅಂಗಡಿಯ ಧಣಿ, ಹುಬ್ಬಳ್ಳಿಯಲ್ಲಿ ಯಾರೋ ಕೈಬಿಟ್ಟ ಈ ಫಾರಿನ್ ಕಾರು ತಂದ, ಎರಡೇ ಸೀಟು, ರಕ್ತದಂಥ ಕೆಂಪು, ಗೇರ್ ಉಂಟು, ಕ್ಲಚ್ ಉಂಟು, ಆದರೆ ಕ್ಲಚ್ ಒತ್ತುವುದು ನಮ್ಮ ಕಾಲಲ್ಲ, ಒಳಗಿನ ಮಿಷನ್ನು. ಪೆಡಲ್ಲೇ ಇಲ್ವಲ್ಲೋ ನಾಗಭೂಷಣ, ಇಲ್ಲದಿರೋ ಕ್ಲಚ್ ಎಲ್ಲಿಂದ ಹೋಗುತ್ತೆ, ಆಟೋಮ್ಯಾಟಿಕ್ ಕಣಯ್ಯಾ ಇದು, ಅಂದ ನನಗೆ. ಅಣ್ಣ, ಆಟೋಮ್ಯಾಟಿಕ್ ಅಲ್ಲ, ಮಿಷನ್ನೇ ಕಾಲು ಇಟ್ಕೊಂಡು ಒತ್ತುತೈತೆ, ನಡಿಗೆ ಸ್ಪೀಡಲ್ಲಿ ಹೋದ್ರೆ ಅರ್ಧ ಒತ್ತಿ ಅರ್ಧ ಬುಟ್ಟು ಸುಡ್ತಾ ಇರ್ತೈತೆ, ಸಿಗ್ನಲ್ಲಲ್ಲಿ ನ್ಯೂಟ್ರಲ್ ಮಾಡಿ, ಏರಲ್ಲಿ ಆಕ್ಸಿಲರೇಟರ್ ಮೇಲೆ ಗಾಡಿ ನಿಲ್ಸಬ್ಯಾಡಿ, ಬ್ರೇಕ್ ಹಿಡೀರಿ, ಏರಿಗೆ ರಿವರ್ಸ್ ಅಂತೂ ಬ್ಯಾಡವೇ ಬ್ಯಾಡ. ಎಷ್ಟು ಸಲ ಹೇಳಿದೆ, ಕೋಣನ ಮುಂದೆ ಕಿನ್ನರಿ. ದೇವರಾಯನದುರ್ಗದ ತಿರುವಿನಲ್ಲಿ ಕಾರು ನಿಲ್ಲಿಸಿ, ಬ್ರೇಕ್ ಮುಟ್ಟದೆ ಬರೀ ಆಕ್ಸಿಲರೇಟರ್ ಮೇಲೆ ತೂಗಾಡಿಸುತ್ತಾ ಫೋಟೊ ತೆಗೆಸಿಕೊಂಡ ಮಹಾನುಭಾವ. ಅಷ್ಟೇ ಆಗಿದ್ದರೆ ಬದುಕುತ್ತಿತ್ತು, ಆದರೆ ತಾಲ್ಲೂಕಿನಲ್ಲಿ ಯಾರ ಮನೆಯ ಗಂಡು ಮದುವಣಿಗನಾದರೂ ಮೆರವಣಿಗೆಗೆ ಇದೇ ಕಾರು, ಕೇಳಿದವರಿಗೆಲ್ಲ ಹೂಂ ಅನ್ನುವ ದೊಡ್ಡ ಮನಸ್ಸು, ಗಂಟೆಗೆ ಇನ್ನೂರರ ಮೇಲೆ ಓಡಬೇಕಾದ ಯಂತ್ರವನ್ನು ತಮಟೆಯ ಹಿಂದೆ ಎಮ್ಮೆಯಂತೆ ನಡೆಸುವುದು, ಎರಡು ವರ್ಷದ ಹಿಂದೆ ನಾನೇ ಗೇರ್ ಬಾಕ್ಸ್ ಇಳಿಸಿ ಹೊಸ ಪ್ಲೇಟ್ ಹಾಕಿ, ಆಯಿಲ್ ಲೈನಿನಲ್ಲಿದ್ದ ಗಾಳಿ ತೆಗೆದು, ಲ್ಯಾಪ್‌ಟಾಪ್ ಹಚ್ಚಿ ಪ್ಲೇಟ್ ಹಿಡಿಯುವ ಜಾಗವನ್ನು ಕೂದಲೆಳೆಯಷ್ಟು ಅಳೆದು ಕೂರಿಸಿದ್ದು, ಅದನ್ನು ಮೂವತ್ತು ಮದುವೆಯಲ್ಲಿ ತಿಂದು ತೇಗಿದರು.

ನಿಂತರು. ಮತ್ತೆ ಒಡಪು. ನ್ಯೂಟ್ರಲ್. ಕಿಟಕಿಯ ಪಕ್ಕದಲ್ಲೇ ನಡೆದು ಬರುತ್ತಿರುವ ರುದ್ರಯ್ಯನವರು, ಕುಣಿಗಲ್ಲಿನವರು, ಹುಡುಗನ ದೊಡ್ಡಪ್ಪ, ಒಳಗೆ ಬಗ್ಗಿ ನೋಡುತ್ತಾರೆ, ಮೂಗು ಅರಳಿಸುತ್ತಾರೆ. ನಿಶ್ಚಿತಾರ್ಥದ ದಿನ ಇದೇ ಮೂಗು, ಬಾಳೆಲೆಯ ಮುಂದೆ ಕೂತು ನನ್ನ ಉಗುರಿನ ಸಂದಿಯ ಕಪ್ಪನ್ನು ನೋಡಿ, ಪರ್ವಾಗಿಲ್ಲ ಬಿಡ್ರಿ, ಗ್ರೀಸ್ ಕೈ ಆದ್ರೂ ದುಡಿಯೋ ಕೈ, ಅಂದರಲ್ಲ, ಸುತ್ತ ಕೂತವರು ನಕ್ಕರಲ್ಲ, ನಾನೂ ನಕ್ಕೆನಲ್ಲ, ಆ ರಾತ್ರಿ ಸೀಗೆಪುಡಿ ಹಾಕಿ ಉಗುರು ತಿಕ್ಕಿದೆ, ಹೋಗಲಿಲ್ಲ. ಅವತ್ತೇ ನಿರ್ಧಾರ ಮಾಡಿದ್ದು, ಇವರ ಹುಡುಗನನ್ನು ಗುಬ್ಬಿಯಲ್ಲಿ ಆ ಕೆಂಪು ಕಾರಿನಲ್ಲಿ ಕರೆತರುತ್ತೇನೆ, ಬಾಯಿ ಬಿಟ್ಟು ನೋಡಲಿ. ಅಪ್ಪಾ, ಒಂದು ಮಾಮೂಲಿ ಕಾರು ಸಾಕು ಕಣಪ್ಪಾ, ನೀನು ಬಾಗ್ಲಲ್ಲಿ ನಿಂತಿರು ಅಷ್ಟೇ, ಅಂತ ರೂಪ ಅಂದದ್ದು ನನ್ನ ಕಿವಿಗೆ ಬೀಳಲಿಲ್ಲವೆ, ಬಿತ್ತು, ಚೆನ್ನಾಗಿ ಬಿತ್ತು. ಮತ್ತೆ ನಿನ್ನೆ — ನಿನ್ನೆಯ ವಿಚಾರ ಬೇಡ, ಆದರೆ ಅದು ಬಂದೇ ಬರುತ್ತದೆ — ನಿನ್ನೆ ಸಂಜೆ ಗ್ಯಾರೇಜಿನಲ್ಲಿ ಲ್ಯಾಪ್‌ಟಾಪ್ ಹಚ್ಚಿದಾಗ ಸವೆತ ತೊಂಬತ್ತೇಳು ಪರ್ಸೆಂಟ್ ತೋರಿಸಿತು, ಅಂದರೆ ಉಳಿದದ್ದು ಕಾಗದದಷ್ಟು, ಎದುರಿಗೇ ಮೂಡಲಗಿರಿಯಪ್ಪ ಕಾಫಿ ಕುಡಿಯುತ್ತಾ ಕೂತಿದ್ದ, ಏನಪ್ಪಾ, ನಿನ್ ಮಗಳ ಮದ್ವೆ, ಬೇಕಾದ್ರೆ ತಗೊಂಡೋಗು, ಎಲ್ಲಾ ಸರಿ ಐತಾ, ಅಂತ ಕೇಳಿದ, ನಾನು ಲ್ಯಾಪ್‌ಟಾಪ್ ಮುಚ್ಚಿ, ಓಡುತ್ತೆ ಅಣ್ಣ, ಅಂದೆ. ನಾನು. ಊರಿನವರಿಗೆಲ್ಲ ಕ್ಲಚ್ಚಿನ ಪಾಠ ಹೇಳಿದವನು, ಕೇಳದಿದ್ದವರಿಗೆ ಬಾಯಿಗೆ ಬಂದಂತೆ ಬೈದವನು. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ. ಬೇರೆ ಯಾರಿಗೂ ಇದನ್ನು ಓಡಿಸಲು ಬರುವುದಿಲ್ಲ, ನಾನೇ ಓಡಿಸಿದರೆ ಹೇಗೋ ಒಂದು ಕಿಲೋಮೀಟರ್ ದಾಟಿಸಬಹುದು ಅಂದುಕೊಂಡೆ, ಅದಕ್ಕೇ ಈ ಸೀಟು, ಅದಕ್ಕೇ ಬಾಗಿಲಲ್ಲಿ ನನ್ನ ಜಾಗ ಖಾಲಿ, ನಾಚಿಕೆಯಾಗಬೇಕು ನನಗೆ, ಆಗುತ್ತಿದೆ.

ಛತ್ರದ ಕಮಾನು ಕಾಣಿಸಿತು, ಇನ್ನು ನೂರು ಗಜ, ಆದರೆ ಇಲ್ಲಿಂದ ಸಣ್ಣ ಏರು, ಒಂದನೇ ಗೇರ್, ನಿಧಾನ, ನಿಧಾನ, ಹಿಡಿ, ಹಿಡಿದುಕೋ ತಾಯಿ — ಎಂಜಿನ್ ಕಿರುಚುತ್ತದೆ, ಕಾರು ಅಲ್ಲಾಡುವುದಿಲ್ಲ, ಇನ್ನೊಂದು ಸಲ, ಕಿರುಚುತ್ತದೆ, ಹೊಗೆ ಬಾನೆಟ್ಟಿನ ಸಂದಿಯಿಂದ ಎದ್ದಿತು, ಹಿಂದಕ್ಕೆ ಜಾರುತ್ತಿದೆ, ಹಿಂದೆ ಕಳಸ ಹಿಡಿದ ಹೆಂಗಸರಿದ್ದಾರೆ, ಬ್ರೇಕ್, ಬ್ರೇಕ್, ನಿಂತಿತು, ಶಿವನೇ. ಎರಡೂ ಪಟ್ಟಿ ಎಳೆದೆ, ನ್ಯೂಟ್ರಲ್, ಎಂಜಿನ್ ಆಫ್. ವೀರಗಾಸೆಯವರು ಕತ್ತಿ ಇಳಿಸಿ ತಿರುಗಿ ನೋಡುತ್ತಾರೆ. ಕಿಟಕಿಯಲ್ಲಿ ರುದ್ರಯ್ಯನವರ ಮುಖ, ಏನ್ ಬೀಗ್ರೇ, ಮೆಕ್ಯಾನಿಕ್ ಕೂತಿದ್ದೂ ನಿಂತೋಯ್ತಾ? ಅಷ್ಟರಲ್ಲಿ ಪಕ್ಕದ ಬಾಗಿಲು ತೆರೆದಿದೆ, ಪ್ರಭುದೇವ ಹಾರ ತೆಗೆದು ಸೀಟಿನ ಮೇಲಿಟ್ಟಿದ್ದಾನೆ, ದೊಡ್ಡಪ್ಪ, ಸುಮ್ಕಿರಿ ನೀವು, ಅನ್ನುತ್ತಾನೆ, ಆಮೇಲೆ ನನ್ನತ್ತ ಬಗ್ಗಿ, ಮಾವ, ನೀವು ಸ್ಟೇರಿಂಗ್ ಹಿಡ್ಕಳಿ, ನಾನು ತಳ್ತೀನಿ. ಬ್ಯಾಡಪ್ಪ, ನೀನು ತಳ್ಳಬಾರ್ದು, ಮದ್ವೆ ಗಂಡು ನೀನು — ಟೈಮಾಯ್ತು ಮಾವ, ಅತ್ತೆ ಕಾಯ್ತಾವ್ರೆ. ಬಾಗಿಲು ಮುಚ್ಚಿದ, ಹಿಂದಕ್ಕೆ ಹೋದ, ಬ್ರೇಕ್ ಬಿಡಿ ಮಾವ, ಅಂದ, ಬಿಟ್ಟೆ.

ಕನ್ನಡಿಯಲ್ಲಿ ಅವನ ಎರಡು ಅಂಗೈ ಹಿಂದಿನ ಗಾಜಿಗೆ ಒತ್ತಿಕೊಂಡಿವೆ, ಕಾರು ಏರುತ್ತಿದೆ, ಸದ್ದೇ ಇಲ್ಲ, ಇಷ್ಟು ಮೆತ್ತಗೆ ಈ ಕಾರು ಯಾವತ್ತೂ ಹೋಗಿರಲಿಲ್ಲ, ಮುಂದೆ ಬಾಗಿಲಲ್ಲಿ ಶಿವರುದ್ರಮ್ಮ ಚೊಂಬು ಹಿಡಿದು ಕತ್ತು ಚಾಚಿ ನೋಡುತ್ತಿದ್ದಾಳೆ, ಅವಳ ಪಕ್ಕ ಒಬ್ಬರು ನಿಲ್ಲುವಷ್ಟು ಜಾಗ ಬಿಟ್ಟುಕೊಂಡಿದ್ದಾಳೆ, ಅವಳತ್ತ ನೋಡಲಾರೆ, ಕನ್ನಡಿ ನೋಡುತ್ತೇನೆ, ಎರಡು ಅಂಗೈ, ರೇಷ್ಮೆ ಪೇಟ ಓರೆಯಾಗಿ ಕಣ್ಣಿನ ಮೇಲೆ ಬಿದ್ದರೂ ಸರಿ ಮಾಡಿಕೊಳ್ಳಲು ಕೈ ತೆಗೆಯುತ್ತಿಲ್ಲ, ತೆಗೆದರೆ ನಾನು ಹಿಂದಕ್ಕೆ ಜಾರುತ್ತೇನಲ್ಲ, ಬಗ್ಗಿ ಇವನ ಕಾಲು ತೊಳೆಯಬೇಕಾದವನು ನಾನು, ಇವನು ನನ್ನನ್ನು ತಳ್ಳಿಕೊಂಡು ತಂದು ನನ್ನ ಮಗಳ ಮದುವೆಯ ಬಾಗಿಲಿಗೆ ಬಿಡುತ್ತಿದ್ದಾನೆ, ಗಾಜಿನ ಮೇಲೆ ಎರಡು ಅಂಗೈ, ಅರಿಶಿನ ಮೆತ್ತಿದ, ಬೆರಳೆಲ್ಲ ಅಗಲಿಸಿದ ಎರಡು ಅಂಗೈ