ಮಿಕ್ರೊಫೋನ್ ಆರಿಸಬೇಕೆ?

ನಮ್ಮೂರು ಅತ್‌ಬಾಶಿಯ ಸಂತೆಯಲ್ಲಿ ಕೆಟ್ಟ ಫೋನು, ಲ್ಯಾಪ್‌ಟಾಪು ರಿಪೇರಿ ಮಾಡುತ್ತ ನನಗೆ ಹದಿನಾರು ವರ್ಷವಾಯಿತು. ಕೆಟ್ಟ ಸಾಮಾನಿಗಿಂತ ಅದನ್ನು ಹೊತ್ತು ತರುವವರ ಮೇಲೆಯೇ ನನಗೆ ಸಿಟ್ಟು ಜಾಸ್ತಿ. ಏನಾಗಿದೆ ಎಂದು ಒಬ್ಬರೂ ನೆಟ್ಟಗೆ ಹೇಳುವುದಿಲ್ಲ. ಬುರುಲ್ಚಾ ಬಂದ ದಿನವೂ ಹಾಗೇ ಆಯಿತು.

ಅವಳ ಅತ್ತೆ ತೀರಿಕೊಂಡು ಮೂವತ್ತೇಳು ದಿನವಾಗಿತ್ತು. ನಲವತ್ತನೇ ದಿನ ಬಂಧುಬಳಗ ಸೇರಿದಾಗ ಸೊಸೆ ಗೋಡೆಗೆ ಮುಖ ಮಾಡಿ ಕೂತು ಹಾಡಿಕೊಂಡು ಅಳಬೇಕು. ಎಂಟು ವರ್ಷದ ಹಿಂದೆ ಮಾವ ಸತ್ತಾಗ ಅತ್ತೆ ಹಾಗೆ ಹಾಡಿದ್ದನ್ನು ಬುರುಲ್ಚಾಳ ಗಂಡ ರೆಕಾರ್ಡ್ ಮಾಡಿ ಲ್ಯಾಪ್‌ಟಾಪಿನಲ್ಲಿಟ್ಟಿದ್ದ. ಸಾಯುವ ಮುಂಚೆ ಅತ್ತೆ ಸೊಸೆಯ ಕೈ ಹಿಡಿದು, ನನಗೂ ಅದೇ ಹಾಡು, ಒಂದು ಪದವೂ ಬಿಡಬೇಡ ಎಂದು ಮಾತು ತೆಗೆದುಕೊಂಡಿದ್ದಳಂತೆ. ಸಾವಿನ ಹಾಡನ್ನು ಮನೆಯಲ್ಲಿ ಸುಮ್ಮಸುಮ್ಮನೆ ಗಟ್ಟಿಯಾಗಿ ಹಾಕುವಂತಿಲ್ಲ, ಅಪಶಕುನ. ಅದಕ್ಕೇ ವೈರಿಲ್ಲದ ಇಯರ್‌ಬಡ್ ಕೊಂಡು, ಕಿವಿಗೆ ಸಿಕ್ಕಿಸಿಕೊಂಡು ಕಲಿಯುತ್ತಿದ್ದಳು. ಹಾಡೆಲ್ಲ ಬಾಯಿಪಾಠವಾಗಿತ್ತು. ಕೊನೆಯ ಸಾಲಿನಲ್ಲಿ ಮಾತ್ರ ಅತ್ತೆಯ ದನಿ ತೀರ ಇಳಿದುಬಿಡುತ್ತದೆ. ಅಲ್ಲಿ ಅವಳಿಗೆ ಏನೂ ತಿಳಿಯುತ್ತಿರಲಿಲ್ಲ.

“ಡಬ್ಬದೊಳಗೆ ಕೂತು ಅತ್ತ ಹಾಗಿದೆ ಅಣ್ಣಾ,” ಎಂದಳು. “ಇನ್ನು ಮೂರೇ ದಿನ ಉಳಿದಿರೋದು.”

ಚಾರ್ಜ್ ನೋಡಿದೆ, ತುಂಬಿತ್ತು. ಹತ್ತಿಯಿಂದ ಜಾಲರಿ ಒರೆಸಿದೆ. ಲ್ಯಾಪ್‌ಟಾಪಿನಿಂದ ಬಿಡಿಸಿ ಮತ್ತೆ ಜೋಡಿಸಿದೆ. ಅದೇ ಡಬ್ಬದ ದನಿ. ನನ್ನ ಫೋನಿಗೆ ಜೋಡಿಸಿ ಒಂದು ಹಾಡು ಹಾಕಿದರೆ ಗಂಟೆ ಹೊಡೆದ ಹಾಗೆ ಕೇಳಿತು. ಅಲ್ಲಿಗೆ ಇಯರ್‌ಬಡ್ಡಿನದೇನೂ ತಪ್ಪಿಲ್ಲ, ಲ್ಯಾಪ್‌ಟಾಪಿನೊಳಗೆ ಏನೋ ಇದೆ ಎಂದಾಯಿತು. ಮೈಕಿಗೆ ನಮ್ಮಲ್ಲಿ ಮಿಕ್ರೊಫೋನ್ ಎನ್ನುತ್ತೇವೆ; ಮಿಕ್ರೊಫೋನ್ ಎಲ್ಲಾದರೂ ತೆರೆದಿಟ್ಟಿದ್ದೀಯಾ ಎಂದು ಕೇಳಿದೆ. ಅವಳು ತಲೆವಸ್ತ್ರ ಮುಂದಕ್ಕೆಳೆದುಕೊಂಡು ನೆಲ ನೋಡಿದಳು. ಮತ್ತೆ ಕೇಳಿದೆ. ಆ ಮಾತು ಒಯ್ಯೋದಾ ಎಂದು ಗೊಣಗಿದಳು. ನನಗೆ ರೇಗಿಹೋಯಿತು. ಮಿಕ್ರೊಫೋನ್ ಅಂದರೆ ಏನು ಅಂತ ಗೊತ್ತಿಲ್ಲದವರು ಲ್ಯಾಪ್‌ಟಾಪ್ ಯಾಕೆ ಮುಟ್ಟುತ್ತೀರಿ ಎಂದು ಅಕ್ಕಪಕ್ಕದ ಅಂಗಡಿಗೆಲ್ಲ ಕೇಳುವ ಹಾಗೆ ಬೈದೆ.

“ಗೊತ್ತು,” ಎಂದಳು. “ನಾನು ಹೇಳೋ ಹಾಗಿಲ್ಲ.”

ಆಗ ನೆನಪಾಯಿತು ಇವಳು ಯಾರ ಸೊಸೆ ಎಂದು. ಸಾಮೂಹಿಕ ಬೇಸಾಯದ ಕಾಲದಲ್ಲಿ ನಮ್ಮೂರ ಸಭೆಗೆ ಮೊದಲ ಸಲ ಮೈಕು ಬಂದ ದಿನವೇ ಹುಟ್ಟಿದ ಮಗನಿಗೆ ಅವನಪ್ಪ ಹಿಗ್ಗಿನಲ್ಲಿ ಅದರ ಹೆಸರನ್ನೇ ಇಟ್ಟಿದ್ದ. ಮಿಕ್ರೊಫೋನ್ ಅಜ್ಜ ಎಂದರೆ ಕಣಿವೆಯಲ್ಲೆಲ್ಲ ಗೊತ್ತು. ಗಂಡನ ಕಡೆಯ ಹಿರಿಯರ ಹೆಸರನ್ನು ಸೊಸೆ ಬಾಯಲ್ಲಿ ತರುವಂತಿಲ್ಲ. ಇಪ್ಪತ್ತೆರಡು ವರ್ಷದಿಂದ ಇವಳು ಮೈಕನ್ನು ಮಾತು ಒಯ್ಯೋದು ಎಂದೇ ಕರೆಯುತ್ತ ಬಂದಿದ್ದಳು.

ತಾನು ಹಾಡುವುದು ಸರಿಯಿದೆಯೇ ಎಂದು ಕೇಳಿಕೊಳ್ಳಲು ಅವಳು ಒಂದು ದಿನ ತನ್ನ ದನಿ ರೆಕಾರ್ಡ್ ಮಾಡಿದ್ದಳು. ಪರದೆಯಲ್ಲಿ ಆ ರೆಕಾರ್ಡಿಂಗಿನ ಕಿಟಕಿ ಅಂದಿನಿಂದ ತೆರೆದೇ ಇತ್ತು. ಮುಚ್ಚಲು ಹೋದಾಗೆಲ್ಲ ಪರದೆಯ ಮೇಲೆ ನಮ್ಮದೇ ಭಾಷೆಯಲ್ಲಿ ಬರುತ್ತಿತ್ತು: ಮಿಕ್ರೊಫೋನ್ ಆರಿಸಬೇಕೆ? ಇವಳು ಪ್ರತಿ ಸಲವೂ ಬೇಡ ಎಂದು ಒತ್ತುತ್ತಿದ್ದಳು.

“ದೀಪ ಆರಿಸ್ಲಾ ಅನ್ನೋ ಹಾಗೆ ಮಾವನ ಹೆಸರು ಹಿಡಿದು ಕೇಳತ್ತೆ. ಹೂಂ ಅಂತ ಹೇಗೆ ಒತ್ತಲಿ ಅಣ್ಣಾ?”

ಬೈದದ್ದಕ್ಕೆ ನನಗೆ ನಾಚಿಕೆಯಾಯಿತು. ದನಿ ತಗ್ಗಿಸಿ ಹೇಳಿದೆ: “ಇದರೊಳಗೆ ದಾರಿ ಕಿರಿದು, ತಂಗಿ. ಬರೀ ಕೇಳಿಸ್ಕೊಂಡ್ರೆ ದನಿ ಪೂರ್ತಿ ಬರತ್ತೆ. ನಮ್ಮ ಮಾತೂ ಅದೇ ದಾರೀಲಿ ಹೋಗ್ಬೇಕು ಅಂದ್ರೆ, ಬರೋ ದನಿ ಬಡಕಲಾಗತ್ತೆ.”

ಅವಳು ಮುಖ ಆಚೆ ತಿರುಗಿಸಿದಳು. ನಾನೇ ಹೂಂ ಎಂದು ಒತ್ತಿದೆ. ಮುಂದೆ ರೆಕಾರ್ಡ್ ಮಾಡಿದರೂ ತೊಂದರೆಯಾಗದಂತೆ, ಮಾತು ಹಿಡಿಯುವ ಕೆಲಸವನ್ನು ಇಯರ್‌ಬಡ್ಡಿನಿಂದ ತಪ್ಪಿಸಿ ಲ್ಯಾಪ್‌ಟಾಪಿಗೇ ವಹಿಸಿದೆ. ಪರದೆಯ ಮೇಲಂಚಿನ ಆ ಸಣ್ಣ ತೂತು ಹಿಡಿದುಕೊಳ್ಳುತ್ತದೆ ಎಂದು ಹೇಳಿದೆನೇ ಹೊರತು ಅದರ ಹೆಸರೆತ್ತಲಿಲ್ಲ.

ಇಯರ್‌ಬಡ್ ಒಂದನ್ನು ತನ್ನ ಕಿವಿಗಿಟ್ಟುಕೊಂಡು, ತನಗೆ ತಪ್ಪಿದರೆ ನೀವು ಹಿಡಿಯಿರಿ ಎಂದು ಇನ್ನೊಂದನ್ನು ನನಗೆ ಕೊಟ್ಟಳು. ಅತ್ತೆಯ ಹಾಡು ಹಾಕಿದೆ. ಈಗ ಮುದುಕಿ ಉಸಿರೆಳೆದುಕೊಳ್ಳುವುದೂ ಕೇಳಿಸಿತು. ಹಿಂದೆಲ್ಲೋ ಚಹಾದ ಬಟ್ಟಲು ತಗುಲಿದ ಸದ್ದು. ಕೊನೆಯ ಸಾಲು ಬಂತು. ಒಲೆ ಹೊತ್ತಿಸಿಟ್ಟಿದ್ದೇನೆ, ನಿನ್ನ ಬೂಟು ಒಣಗಿಸಿಟ್ಟಿದ್ದೇನೆ, ಚಳಿಯಲ್ಲಿ ನಿಲ್ಲಬೇಡ, ಒಳಗೆ ಬಾ, ಮಿಕ್ರೊಫೋನ್.

ನಲವತ್ತೊಂಬತ್ತು ವರ್ಷ ಸಂಸಾರ ಮಾಡಿ ಗಂಡನನ್ನು ಮನೆಯವನು ಎಂದಷ್ಟೇ ಅನ್ನುತ್ತಿದ್ದವಳು ಆ ಮುದುಕಿ. ಹುಡುಗರಾಗಿದ್ದಾಗ ನಾವೆಲ್ಲ ಆ ಹೆಸರಿಗೆ ಬಿದ್ದು ಬಿದ್ದು ನಕ್ಕಿದ್ದೆವು. ಈಗ ಇಯರ್‌ಬಡ್ಡನ್ನು ಕಿವಿಯಿಂದ ತೆಗೆದು, ಅಂಗಿಗೆ ಒರೆಸಿ ಅವಳ ಕೈಗಿಟ್ಟೆ.

“ಒಂದು ಪದಾನೂ ಬಿಡಬೇಡ ಅಂದಿದ್ರು,” ಎಂದಳು ಬುರುಲ್ಚಾ. “ಕೊನೇ ಪದ ಹೆಸರು.”

ಆ ಜಾಗಕ್ಕೆ ಈಗ ಅತ್ತೆಯ ಹೆಸರು ಬರಬೇಕು ಎಂದು ನಾನು ಬಿಡಿಸಿ ಹೇಳಲಿಲ್ಲ. ಲ್ಯಾಪ್‌ಟಾಪನ್ನು ಶಾಲಿನಲ್ಲಿ ಸುತ್ತಿಕೊಂಡು ಹೋದಳು.

ನಲವತ್ತನೇ ದಿನ ನಾನು ಗಂಡಸರ ಜೊತೆ ಅಂಗಳದಲ್ಲಿ ಕೂತಿದ್ದೆ. ಒಳಗಿನಿಂದ ಅವಳ ಹಾಡು ಬರುತ್ತಿತ್ತು. ಒಲೆಯ ಮಾತು ಮುಗಿಯಿತು, ಬೂಟಿನದೂ ಮುಗಿಯಿತು. ಒಳಗೆ ಬಾ ಎಂದವಳು ಅಲ್ಲೇ ನಿಂತಳು. ಕೊಪ್ಪರಿಗೆಯಿಂದ ಮಾಂಸ ತೆಗೆಯುತ್ತಿದ್ದವನೂ ಕೈ ನಿಲ್ಲಿಸಿ ಬಾಗಿಲ ಕಡೆ ನೋಡಿದ. ಅವಳಿಂದ ಆಗುವುದಿಲ್ಲ ಎಂದುಕೊಂಡು ನಾನು ಕಣ್ಣು ಮುಚ್ಚಿದೆ.

“ಒಳಗೆ ಬಾ, ಸಾಯ್ರಾಕಾನ್.”

ಒಳಗೆ ಯಾವಳೋ ಲೊಚಗುಟ್ಟಿದಳು. ನನ್ನ ಪಕ್ಕದ ಹಿರಿಯ ಮಾತ್ರ ಪ್ರಾರ್ಥನೆ ಮುಗಿಸುವ ಹಾಗೆ ಎರಡೂ ಅಂಗೈ ತೆರೆದು ಮುಖ ಸವರಿಕೊಂಡ. ಸತ್ತವಳು ಊರಿಗೆಲ್ಲ ಮಿಕ್ರೊಫೋನನ ಹೆಂಡತಿ, ಮೊಮ್ಮಕ್ಕಳಿಗೆ ಅಜ್ಜಿ. ಅದೇ ಬೀದಿಯಲ್ಲಿ ಹುಟ್ಟಿ ಬೆಳೆದ ನಾನು ಅವಳ ಹೆಸರು ಕೇಳಿದ್ದು ಅದೇ ಮೊದಲು.