ಜುಲೈನ ಎರಡು ವಾರ

ವರಾಂಡದಲ್ಲಿ ಕೂತು ಜೋಳದ ತೆನೆ ಸುಲಿಯುತ್ತಿದ್ದಾಗ ಮೊಮ್ಮಗಳು ಕೇಳಿಯೇಬಿಟ್ಟಳು.

"ಅಜ್ಜ, ಶೆಡ್ಡಲ್ಲಿರೋ ವ್ಯಾಗನ್ ನಂಗೆ ಕೊಟ್ಬಿಡು."

ಆರ್ಲೋ ಡಿಟ್ಮರ್‌ಗೆ ಎದೆ ತುಂಬಿಬಂತು. ಆ ಉದ್ದನೆಯ ಹಳೇ ಕಾರು ಬೇಕು ಅಂದವರೇ ಇರಲಿಲ್ಲ. ಮಗ ಕರ್ಟ್ ಫೋನ್ ಮಾಡಿದಾಗಲೆಲ್ಲ, "ಬರೀ ಕಾರು ಅದು, ಗುಜರಿಗೆ ಹಾಕಪ್ಪ, ಇಲಿ ಸಾಕ್ತಾ ಇದ್ದೀಯ," ಅನ್ನುತ್ತಿದ್ದ. ಹೆಂಡತಿ ನೊರೀನ್ ಇದ್ದಿದ್ದರೆ ಬೇರೆ ಮಾತು. ಅವಳು ತೀರಿಹೋಗಿ ನಾಲ್ಕು ವರ್ಷವಾಗಿತ್ತು.

"ತಗೋ ಮಗಳೇ, ನಿಂದೇ ಅಂದ್ಕೋ. ಏನ್ ಮಾಡ್ತೀಯ? ಬಣ್ಣ ಹೊಡೆಸ್ತೀಯಾ?"

"ಇಲ್ಲ, ಡರ್ಬಿಗೆ ಇಳಿಸ್ತೀನಿ."

ತೆನೆ ಕೈಯಲ್ಲೇ ಉಳಿಯಿತು.

ಆಗಸ್ಟ್ ಕೊನೆಯಲ್ಲಿ ಕೌಂಟಿ ಜಾತ್ರೆ ಮುಗಿಯುವ ಸಂಜೆ ಹಳೆಯ ಕಾರುಗಳನ್ನೆಲ್ಲ ಕೆಸರು ಮಾಡಿದ ಬಯಲಿಗೆ ಇಳಿಸಿ ಒಂದಕ್ಕೊಂದು ಗುದ್ದಿಸುತ್ತಾರೆ. ಕೊನೆಯವರೆಗೂ ಯಾವುದು ಅಲುಗಾಡುತ್ತದೋ ಅದು ಗೆದ್ದ ಹಾಗೆ. ಆರ್ಲೋ ವರ್ಷಾ ವರ್ಷ ಹೋಗಿ ಹಲಗೆಯ ಮೇಲೆ ಕೂತು, ಕರಿದ ಈರುಳ್ಳಿ ತಿನ್ನುತ್ತ, ಗಂಟಲು ಹರಿಯುವ ಹಾಗೆ ಕೂಗಿದವನೇ. ಆದರೆ ಅವೆಲ್ಲ ಬೇರೆಯವರ ಕಾರುಗಳಾಗಿದ್ದವು.

"ಡೆಲೇನಿ, ಅದು ಯಾವ ಕಾರು ಅಂತ ಗೊತ್ತಾ ನಿನಗೆ?"

"ಗೊತ್ತಿರೋದಕ್ಕೇ ಕೇಳಿದ್ದು. ಆ ಕಾಲದ ವ್ಯಾಗನ್‌ಗೆ ಅಡೀಲಿರೋ ಉಕ್ಕಿನ ಚಾಸಿ ಹೇಗಿರುತ್ತೆ ನೋಡಿದ್ಯಾ? ಈಗಿನ ಕಾರು ಬಿಸ್ಕತ್ತಿನ ಡಬ್ಬಿ. ಅದರ ಮುಂದೆ ಒಂದೂ ನಿಲ್ಲಲ್ಲ."

ಹೊಗಳಿಕೆಯೇ ಹೌದು. ಕುರಿಯ ತೊಡೆ ಮುಟ್ಟಿ ನೋಡಿದವನು ಹೊಗಳುವ ಹಾಗೆ.

ಡೆಲೇನಿಗೆ ಇಪ್ಪತ್ತು ವರ್ಷ. ಹೆದ್ದಾರಿಯ ಪಕ್ಕದ ದೊಡ್ಡ ಗೋದಾಮಿನಲ್ಲಿ ಪೆಟ್ಟಿಗೆ ತುಂಬುವ ಕೆಲಸ, ವಾರದ ಕೊನೆಗೆ ಪಿಜ್ಜಾ ಅಂಗಡಿಯಲ್ಲಿ ಇನ್ನೊಂದು ಕೆಲಸ. ಇಬ್ಬರು ಗೆಳತಿಯರ ಜೊತೆ ಬಾಡಿಗೆ ಮನೆ. ಭಾನುವಾರ ಮಧ್ಯಾಹ್ನ ಬಿಡುವಾದರೆ ಅಜ್ಜನ ಹತ್ತಿರ ಬರುತ್ತಾಳೆ, ಬಟ್ಟೆ ಒಗೆಯುವ ಯಂತ್ರಕ್ಕೆ ತನ್ನ ಬಟ್ಟೆ ಹಾಕುತ್ತಾಳೆ, ಫ್ರಿಜ್ಜಿನಲ್ಲಿದ್ದದ್ದನ್ನು ತಿಂದು ಮುಗಿಸುತ್ತಾಳೆ. ಹಾಗೆ ಅವಳು ಹುಡುಕಿ ತಿನ್ನಲಿ ಅಂತಲೇ ಆರ್ಲೋ ಶನಿವಾರ ಅಂಗಡಿಗೆ ಹೋಗಿಬರುತ್ತಿದ್ದ.

"ಯೋಚನೆ ಮಾಡ್ತೀನಿ," ಅಂದ.

ಯೋಚನೆ ಮಾಡುವುದಕ್ಕೆ ಏನಿತ್ತು? ಎಪ್ಪತ್ತಾರನೇ ಇಸವಿಯ ಕಾರು. ಕಡು ಹಸಿರು, ಪಕ್ಕೆಗಳಿಗೆ ಮರದ ಹಲಗೆಯ ಹಾಗೆ ಕಾಣುವ ಹಾಳೆ ಅಂಟಿಸಿದ್ದು. ಒಳಗೆ ಮೂರು ಸಾಲು ಸೀಟು, ಕೊನೆಯದು ಹಿಂದಕ್ಕೆ ಮುಖ ಮಾಡಿದ್ದು. ಅಲ್ಲಿ ಕೂತ ಮಕ್ಕಳಿಗೆ ಮುಂದೆ ಬರುವ ದಾರಿ ಕಾಣುತ್ತಿರಲಿಲ್ಲ, ಬಿಟ್ಟುಹೋದ ದಾರಿಯಷ್ಟೇ. ಆರ್ಲೋ ಆಗ ಊರಿನ ಕಾರು ಕಾರ್ಖಾನೆಯಲ್ಲಿ ಬಾಗಿಲಿನ ತಗಡು ಒತ್ತುವ ಯಂತ್ರದ ಮುಂದೆ ನಿಲ್ಲುತ್ತಿದ್ದ. "ಈ ಬಾಗಿಲು ನಾನೇ ಒತ್ತಿದ್ದು," ಅಂತ ಮಕ್ಕಳಿಗೆ ಹೇಳಿದ್ದ. ಸುಳ್ಳೆಂದು ಸಾಧಿಸುವ ದಾರಿ ಯಾರಿಗೂ ಇರಲಿಲ್ಲ, ನಿಜವೆಂದು ಸಾಧಿಸುವುದು ಅವನಿಗೂ ಆಗುತ್ತಿರಲಿಲ್ಲ.

ಜುಲೈ ಬಂತೆಂದರೆ ಕಾರ್ಖಾನೆ ಎರಡು ವಾರ ಬಾಗಿಲು ಹಾಕುತ್ತಿತ್ತು. ಹೊಸ ಮಾಡೆಲ್ಲಿಗೆ ಯಂತ್ರಗಳನ್ನು ಸಜ್ಜು ಮಾಡುವುದಕ್ಕೆ. ಸಂಬಳ ಮಾತ್ರ ನಿಲ್ಲುತ್ತಿರಲಿಲ್ಲ. ಶುಕ್ರವಾರ ಸಂಜೆ ಭೋಂಗಾ ಕೂಗಿದ್ದೇ ತಡ, ಊರಿಗೆ ಊರೇ ಖಾಲಿಯಾಗುತ್ತಿತ್ತು. ತಲೆಗಳೇ ಇಲ್ಲದ ಮೇಲೆ ಇನ್ನೇನು ಕತ್ತರಿಸೋದು ಅಂತ ಕ್ಷೌರದಂಗಡಿಯವನೂ ಬೀಗ ಹಾಕುತ್ತಿದ್ದ. ಒಂದರ ಹಿಂದೆ ಒಂದು ವ್ಯಾಗನ್, ಎಲ್ಲ ಉತ್ತರಕ್ಕೆ, ಮಿಷಿಗನ್ನಿನ ಅದೇ ಸರೋವರಕ್ಕೆ. ವರ್ಷವಿಡೀ ಸಿಡುಕುವ ಕಾರ್ಖಾನೆಯ ಮೇಸ್ತ್ರಿ ಅಲ್ಲಿ ಚಡ್ಡಿ ಹಾಕಿಕೊಂಡು, ಬಿಳಿಚಿದ ಕಾಲು ತೋರಿಸುತ್ತ, ಮೀನು ಹುರಿದು ಎಲ್ಲರ ತಟ್ಟೆಗೂ ಹಾಕುತ್ತಿದ್ದ. ಆ ಎರಡು ವಾರ ಅವನನ್ನೂ ಹೆಸರು ಹಿಡಿದು ಕರೆಯಬಹುದಿತ್ತು. ದಾರಿಯುದ್ದಕ್ಕೂ ನೊರೀನ್ ಸಾಸಿವೆ ಸವರಿದ ಮಾಂಸದ ಸ್ಯಾಂಡ್‌ವಿಚ್ಚುಗಳನ್ನು ಹಿಂದಕ್ಕೆ ದಾಟಿಸುತ್ತಿದ್ದಳು. ಕೊನೆಯ ಸೀಟಿನಿಂದ ಕರ್ಟ್ ಹಿಂದಿನ ಕಾರಿನವರಿಗೆ ಕೈ ಬೀಸುತ್ತಿದ್ದ, ಅವರೂ ಬೀಸುತ್ತಿದ್ದರು. ಬೀಸದೆ ಏನು, ಹೇಗೂ ನಮ್ಮ ಬೀದಿಯವರೇ.

ಬೆಳಗಿನ ಕಾಫಿಗೆ ಹಳಬರೆಲ್ಲ ಸೇರುವ ಬರ್ಗರ್ ಅಂಗಡಿಯಲ್ಲಿ ಆರ್ಲೋ ವಿಷಯ ತೆಗೆದ. ಮಿಲ್ಟನ್ ಮೇಜು ಕುಟ್ಟಿದ.

"ನಾನ್ ಹೇಳ್ಲಿಲ್ವಾ? ಈಗಿನವಕ್ಕೆ ಬೆಲೆನೇ ಗೊತ್ತಿಲ್ಲ. ನನ್ ಮೊಮ್ಮಗ ಬಿಸಿನೀರು ಬರೋದು ತಡವಾದ್ರೆ ಫೋನಲ್ಲಿ ದೂರು ಬರೀತಾನೆ. ನಾವು ಹುಟ್ಟಿದ ಮನೇಲಿ ಕಕ್ಕಸು ಹೊರಗಿತ್ತು ಕಣಯ್ಯ!"

"ನಿಮ್ಮನೇಲಿ ಕಕ್ಕಸಾದ್ರೂ ಇತ್ತಾ?" ಅಂದ ವೆಂಡೆಲ್. ವೆಂಡೆಲ್ ಡರ್ಬಿಯ ಹುಚ್ಚ, ಎರಡು ಸಲ ಗೆದ್ದವನು, ಕತ್ತು ಇವತ್ತಿಗೂ ಎಡಕ್ಕೆ ತಿರುಗುವುದಿಲ್ಲ. "ಲೋ ಆರ್ಲೋ, ಆ ವ್ಯಾಗನ್ನನ್ನ ಶೆಡ್ಡಲ್ಲಿಟ್ಟು ಪಾರಿವಾಳಕ್ಕೆ ಕೊಟ್ಟಿದ್ದೀಯಲ್ಲ, ಅದು ಪಾಪ ಕಣೋ. ಹುಡುಗೀಗೆ ಕೊಡು. ಕೊಡ್ದೇ ಇದ್ರೆ ನಾನೇ ಕದೀತೀನಿ."

"ಅವಳಿಗೆ ಅದು ಏನು ಅಂತ ಗೊತ್ತಿಲ್ಲ ವೆಂಡೆಲ್."

"ಹಾಗಾದ್ರೆ ತೋರ್ಸು."

ಆರ್ಲೋಗೆ ಉಪಾಯ ಹೊಳೆದದ್ದು ಆಗಲೇ. ಒಂದು ಸಲ ಓಡಿಸಿ ತೋರಿಸಬೇಕು. ಓಡುತ್ತಿರುವ ಆ ಕಾರಿನಲ್ಲಿ ಒಂದು ಸಲ ಕೂತವಳು ಅದಕ್ಕೆ ಗುದ್ದು ಕೊಡಿಸುವುದಿಲ್ಲ.

"ಡರ್ಬಿಗೆ ಇಳಿಸ್ಬೇಕಾದ್ರೂ ಮೊದಲು ಸ್ಟಾರ್ಟ್ ಆಗ್ಬೇಕಲ್ಲ," ಅಂದಾಗ ಡೆಲೇನಿ ಖುಷಿಯಿಂದ ಒಪ್ಪಿದಳು. ಮೂರು ಭಾನುವಾರ ಇಬ್ಬರೂ ಶೆಡ್ಡಿನಲ್ಲಿ ಕಳೆದರು. ಕೊಳೆತ ಪೆಟ್ರೋಲು ಖಾಲಿ ಮಾಡಿದರು, ಕಾರ್ಬುರೇಟರ್ ಬಿಚ್ಚಿ ತೊಳೆದರು, ಏರ್ ಫಿಲ್ಟರಿನಲ್ಲಿ ಇಲಿ ಸಂಸಾರ ಮಾಡಿದ್ದ ಗೂಡನ್ನು ಕಿತ್ತರು. ಅವಳು ಮೊದಲು ಫೋನಿನಲ್ಲಿ ವೀಡಿಯೋ ನೋಡುತ್ತಿದ್ದಳು, ಅವನು ಅದಕ್ಕೆ ಬೈಯುತ್ತಿದ್ದ, ಆಮೇಲೆ ಕನ್ನಡಕ ಹಾಕಿಕೊಂಡು ತಾನೂ ನೋಡುತ್ತಿದ್ದ.

"ಚಿಕ್ಕೋಳಿದ್ದಾಗ ಇದರಲ್ಲೇ ಆಡ್ತಿದ್ದೆ, ನೆನಪಿದ್ಯಾ?" ಅಂದಳು ಒಂದು ದಿನ, ಕಾರಿನ ಕೆಳಗಿನಿಂದ. "ಗೊಂಬೆಗಳನ್ನೆಲ್ಲ ಕೂರಿಸ್ಕೊಂಡು. ಅಜ್ಜಿ ಕೇಳ್ತಿದ್ರು, ಎಲ್ಲಿಗೆ ಹೊರಟ್ರಿ ಮೇಡಂ ಅಂತ. ನಾನು ಸರೋವರಕ್ಕೆ ಅಂತಿದ್ದೆ. ನೀವಿಬ್ರೂ ಅದನ್ನೇ ಹೇಳ್ತಿದ್ರಲ್ಲ, ಬೇರೆ ಯಾವೂರೂ ನಂಗೆ ಗೊತ್ತಿರ್ಲಿಲ್ಲ."

ಆರ್ಲೋ ಸ್ಪ್ಯಾನರ್ ಕೊಟ್ಟ.

ನಾಲ್ಕನೆಯ ಭಾನುವಾರ ಎಂಜಿನ್ ಕೆಮ್ಮಿತು, ನೀಲಿ ಹೊಗೆ ಉಗುಳಿತು, ಆಮೇಲೆ ಹಳೇ ದನಿಯಲ್ಲಿ ಗುಡುಗಿತು. ಆರ್ಲೋ ಸ್ಯಾಂಡ್‌ವಿಚ್ ಕಟ್ಟಿಟ್ಟುಕೊಂಡೇ ಬಂದಿದ್ದ. ಡೆಲೇನಿ ಮುಂದೆ ಕೂರಲಿಲ್ಲ, ಹಿಂದಿನ ಬಾಗಿಲು ತೆಗೆದು ಕೊನೆಯ ಸೀಟಿಗೆ ಹತ್ತಿದಳು.

ಜೋಳದ ಹೊಲಗಳ ನಡುವಿನ ನೇರ ರಸ್ತೆ. ಕಿಟಕಿಗಳೆಲ್ಲ ತೆರೆದಿದ್ದವು. ಸ್ಟೀರಿಂಗು ಮೊದಲಿನಂತೆಯೇ ಸಡಿಲ, ಕಾರು ಓಡುವುದಲ್ಲ, ತೇಲುವುದು. ಕನ್ನಡಿಯಲ್ಲಿ ಅವಳ ಹಿಂದಲೆ, ಗಾಳಿಗೆ ಹಾರುವ ಕೂದಲು. ಹಿಂದೆ ಒಂದು ಟ್ರಕ್ಕು ಬಂತು. ಅವಳು ಕೈ ಬೀಸಿದಳು. ಟ್ರಕ್ಕಿನವನು ಹಾರ್ನ್ ಹೊಡೆದ.

"ಅಜ್ಜಾ!" ಅಂತ ಕೂಗಿದಳು. "ಇದು ಎಷ್ಟ್ ಚೆನ್ನಾಗಿದೆ!"

ಗೆದ್ದೆ, ಅಂದುಕೊಂಡ ಆರ್ಲೋ.

ಹಳೇ ಧಾನ್ಯದ ಕಣಜದ ಹತ್ತಿರ ಗಾಡಿ ನಿಲ್ಲಿಸಿ ಹಿಂದಿನ ಬಾಗಿಲನ್ನು ಮಲಗಿಸಿ, ಅದರ ಮೇಲೆ ಕೂತು ತಿಂದರು. ಅವನು ಎಲ್ಲ ಹೇಳಿದ. ಭೋಂಗಾ, ಕ್ಷೌರದವನು, ಮೇಸ್ತ್ರಿಯ ಬಿಳಿ ಕಾಲು. ಅವಳು ಬಿದ್ದು ಬಿದ್ದು ನಕ್ಕಳು.

"ಹಾಗಾದ್ರೆ ಡರ್ಬಿ ಬೇಡ ತಾನೇ?"

ಅವಳು ಅಗಿಯುವುದನ್ನು ನಿಲ್ಲಿಸಿದಳು. "ಯಾಕೆ ಬೇಡ?"

"ಇಷ್ಟೆಲ್ಲ ಆದ್ಮೇಲೂ?"

"ಇಷ್ಟೆಲ್ಲ ಆದ್ಮೇಲೆ ಇದನ್ನ ಮತ್ತೆ ಶೆಡ್ಡಿಗೆ ತಳ್ಳೋದಾ? ಅದಕ್ಕಿಂತ ಅಲ್ಲಿ ಎಲ್ಲರ ಮುಂದೆ ಗರ್ಜಿಸ್ಕೊಂಡು ಹೋಗೋದು ಒಳ್ಳೇದಲ್ವಾ?"

ಆರ್ಲೋಗೆ ರೇಗಿಹೋಯಿತು. ಬರ್ಗರ್ ಅಂಗಡಿಯ ಮಾತೆಲ್ಲ ಒಟ್ಟಿಗೆ ಬಾಯಿಗೆ ಬಂತು. "ನಿಮಗೆಲ್ಲ ಕೂತಲ್ಲೇ ಸಿಕ್ಕಿದೆ ಕಣೇ. ಮನೆ, ಕಾರು, ಏಸಿ, ಫೋನು. ಅದಕ್ಕೇ ಒಡೆಯೋದು ನಿಮಗೆ ಆಟ. ಇದನ್ನ ತಗೊಂಡ ದಿನ ನಿಮ್ಮಜ್ಜಿ ಸೀಟಿನ ಮೇಲೆ ಕೈ ಆಡಿಸಿ ಅತ್ತಿದ್ಲು. ಏನಾದ್ರೂ ಸಿಕ್ಕಿದ್ದಕ್ಕೆ ನೀನು ಯಾವತ್ತಾದ್ರೂ ಅತ್ತಿದ್ದೀಯಾ?"

ಅವಳು ಕೂಗಾಡಿದ್ದರೆ ಸುಲಭವಿತ್ತು. ಮೆಲ್ಲಗೆ ಮಾತಾಡಿದಳು.

"ಅಜ್ಜ, ಈ ಜುಲೈನಲ್ಲಿ ನಂಗೆ ಎಷ್ಟು ದಿನ ರಜೆ ಇತ್ತು ಗೊತ್ತಾ? ಒಂದೂ ಇಲ್ಲ. ಒಂದು ದಿನ ಜ್ವರ ಬಂದಿದ್ದಕ್ಕೆ ಬಾಗಿಲ ಹತ್ರ ನಿಲ್ಲಿಸಿ ಬೈದ್ರು. ನೀನು ಕಾರಿನ ವಿಷ್ಯ ಹೇಳ್ತೀಯ, ನಂಗೆ ಕೇಳ್ಸೋದು ಆ ಎರಡು ವಾರ. ಊರಿಗೆ ಊರೇ ಒಟ್ಟಿಗೆ ರಜಾನಾ? ಸಂಬಳ ಕೊಟ್ಟು? ಅದು ಕಥೆ ಕೇಳಿದ ಹಾಗಿರುತ್ತೆ." ಕಾಗದವನ್ನು ಉಂಡೆ ಮಾಡಿದಳು. "ಕಾರನ್ನ ಎಷ್ಟು ಜೋಪಾನವಾಗಿ ಇಟ್ಕೊಂಡಿದ್ದೀಯ. ಆ ಎರಡು ವಾರ ಎಲ್ಲಿಟ್ಟೆ?"

ಆರ್ಲೋ ತಿನ್ನದೆ ಉಳಿದ ಸ್ಯಾಂಡ್‌ವಿಚ್ಚನ್ನು ಮತ್ತೆ ಕಾಗದದಲ್ಲಿ ಸುತ್ತತೊಡಗಿದ.

"ಹೋಗ್ಲಿ ಬಿಡು," ಅಂದಳು. "ಕಾರು ನಿಂದು. ನಾನು ಕೇಳಲ್ಲ."

ವಾಪಸು ಬರುವಾಗ ಅವಳು ಮುಂದೆಯೇ ಕೂತಳು.

ಆ ವಾರವೆಲ್ಲ ಅವಳ ಮಾತು ಅವನನ್ನು ಬಿಡಲಿಲ್ಲ. ಹಲ್ಲುಜ್ಜುವಾಗ, ಹುಲ್ಲು ಕತ್ತರಿಸುವಾಗ, ಎಲ್ಲಿಟ್ಟೆ, ಎಲ್ಲಿಟ್ಟೆ. ಮೊದಲು ರಜೆಯ ಎರಡನೇ ವಾರ ಹೋಗಿತ್ತು, ಕಾರ್ಖಾನೆಗೆ ಕಷ್ಟ ಇದೆ ಅಂದರು. ಆಮೇಲೆ ಉಳಿದ ವಾರದ ಸಂಬಳ. ಆಮೇಲೆ ರಜೆಯನ್ನು ಒಬ್ಬೊಬ್ಬರು ಒಂದೊಂದು ತಿಂಗಳು ತಗೊಳ್ಳಿ ಅಂದರು. ಸರೋವರದ ದಂಡೆಯಲ್ಲಿ ಗುರುತಿನವರು ಸಿಗುವುದು ನಿಂತಿತು. ಆಮೇಲೆ ಕಾರ್ಖಾನೆಯೇ ಹೋಯಿತು. ಯಾರೂ ಕಿತ್ತುಕೊಂಡಂತೆ ಅನ್ನಿಸಿರಲಿಲ್ಲ. ಪ್ರತಿ ಸಲವೂ ಮನೆಗೆ ಬಂದು, ಸದ್ಯ ವ್ಯಾಗನ್ ಇದೆಯಲ್ಲ ಅಂತ ಅದಕ್ಕೆ ಮೇಣ ಹಚ್ಚಿ ಉಜ್ಜಿದ್ದ. ಅದು ಹೊಳೆಯುತ್ತಲೇ ಇತ್ತು.

ಶುಕ್ರವಾರ ಬೆಳಿಗ್ಗೆ ಶೆಡ್ಡಿಗೆ ಹೋಗಿ ಕಿಟಕಿಗಳ ಗಾಜು ಕಳಚತೊಡಗಿದ. ಡರ್ಬಿಗೆ ಗಾಜು ಇರಬಾರದು. ಹಿಂದಿನ ದೊಡ್ಡ ಗಾಜನ್ನು ಇಳಿಸಿ, ಒಡೆಯದೆ ಗೋಡೆಗೆ ಒರಗಿಸಿದ. ಆಮೇಲೆ ಫೋನ್ ಮಾಡಿದ.

"ಡೆಲೇನಿ, ಗುದ್ದಿಗೆ ತೆರ್ಕೊಳ್ಳದ ಹಾಗೆ ಬಾಗಿಲಿಗೆಲ್ಲ ಸರಪಳಿ ಬಿಗೀಬೇಕು. ನನ್ನೊಬ್ಬನ ಕೈಲಿ ಆಗಲ್ಲ."

"ಕೋಪ ಮಾಡ್ಕೊಂಡು ಕೊಡ್ತಿದ್ದೀಯಾ ಅಜ್ಜ?"

"ಇಲ್ಲ ಕಣೇ. ನೀನು ಕೇಳಿದ್ದಕ್ಕೆ ನನ್ನ ಹತ್ರ ಉತ್ತರ ಇಲ್ಲ. ಕಾರಿದೆ. ಬಾ."

ಡರ್ಬಿಯ ಸಂಜೆ ಬಿಸಿಲು ಇನ್ನೂ ಇಳಿದಿರಲಿಲ್ಲ. ಅಗ್ನಿಶಾಮಕದವರು ನೀರು ಬಿಟ್ಟು ಬಯಲನ್ನು ಕೆಸರು ಮಾಡಿದ್ದರು. ಹತ್ತು ಕಾರುಗಳ ನಡುವೆ ವ್ಯಾಗನ್ ದೋಣಿಯ ಹಾಗೆ ಉದ್ದಕ್ಕೆ ಕಾಣುತ್ತಿತ್ತು. ವೆಂಡೆಲ್ ಹೇಳಿಕೊಟ್ಟ ಹಾಗೆ ಅವಳು ಹಿಮ್ಮುಖವಾಗಿಯೇ ಗುದ್ದಿದಳು. ಮುಂದೆ ರೇಡಿಯೇಟರ್ ಇದೆ, ಅದು ಹೋದರೆ ಆಟ ಮುಗೀತು. ಕೊನೆಯ ಸೀಟಿದ್ದ ಜಾಗ ಮೊದಲ ಏಟಿಗೇ ಮುದುಡಿತು. ಆರ್ಲೋ ಕಣ್ಣು ಮುಚ್ಚಿದ.

ಮತ್ತೆ ತೆರೆದಾಗ ವ್ಯಾಗನ್ ಒಂದು ಕೆಂಪು ಕಾರನ್ನು ಬೇಲಿಯವರೆಗೂ ತಳ್ಳಿಕೊಂಡು ಹೋಗುತ್ತಿತ್ತು. ಎಂಜಿನ್ ಗುಡುಗುತ್ತಿತ್ತು. ಜನ ಎದ್ದು ನಿಂತಿದ್ದರು.

"ಹೊಡಿ ಮಗಳೇ! ಇನ್ನೊಂದು ಕೊಡು!"

ಯಾರು ಕೂಗಿದ್ದು ಎಂದು ಮಿಲ್ಟನ್ ತಿರುಗಿ ನೋಡಿದ. ಕೂಗಿದವನು ಆರ್ಲೋ. ಎದ್ದು ನಿಂತಿದ್ದ, ಟೋಪಿ ಎಲ್ಲೋ ಬಿದ್ದುಹೋಗಿತ್ತು. "ನೋಡ್ರೋ, ಆ ಬಾಗಿಲು ನೋಡ್ರೋ! ಸೊಟ್ಟಗಾಗಿಲ್ಲ! ನಾನೇ ಒತ್ತಿದ್ದು!"

"ಸುಳ್ಳ," ಅಂದ ಮಿಲ್ಟನ್.

ಕೊನೆಗೆ ಮೂರು ಕಾರು ಉಳಿದವು. ಹಿಂದಿನ ಚಕ್ರ ಕಳಚಿ ವ್ಯಾಗನ್ ಕೆಸರಿನಲ್ಲಿ ಕೂತುಬಿಟ್ಟಿತು. ಡೆಲೇನಿ ಎರಡು ಸಲ ಎಂಜಿನ್ ಮೊರೆಸಿದಳು. ಆಮೇಲೆ ಕೈ ಹೊರಗೆ ಹಾಕಿ, ಸೋತೆ ಎನ್ನುವುದಕ್ಕೆ ಬಾಗಿಲಿಗೆ ಕಟ್ಟಿದ್ದ ಕೋಲನ್ನು ಮುರಿದಳು. ಚಪ್ಪಾಳೆಯೋ ಚಪ್ಪಾಳೆ.

ಆರ್ಲೋ ಬೇಲಿ ಸುತ್ತಿಕೊಂಡು ಹಿಂದಿನ ಮೈದಾನಕ್ಕೆ ಹೋದ. ಅವಳು ನಗುತ್ತಿರುತ್ತಾಳೆ ಅಂದುಕೊಂಡಿದ್ದ. ಗುಜರಿಯವನ ಕ್ರೇನು ವ್ಯಾಗನ್ನಿನ ಮೂತಿಗೆ ಕೊಕ್ಕೆ ಹಾಕುತ್ತಿತ್ತು. ಡೆಲೇನಿ ಹೆಲ್ಮೆಟ್ ಕೈಯಲ್ಲಿ ಹಿಡಿದು ಅದನ್ನೇ ನೋಡುತ್ತ ನಿಂತಿದ್ದಳು. ಮುಖದ ಕೆಸರಿನ ನಡುವೆ ಕಣ್ಣೀರು ದಾರಿ ಮಾಡಿಕೊಂಡಿತ್ತು.

"ಏಟು ಬಿತ್ತಾ?"

ಇಲ್ಲವೆಂದು ತಲೆಯಾಡಿಸಿದಳು.

"ಮತ್ತೆ? ಕಾರು ಕಣೇ ಅದು. ಬರೀ ಕಾರು." ಇಷ್ಟು ವರ್ಷ ಮಗ ಹೇಳಿದ್ದ ಮಾತು ತನ್ನ ಬಾಯಿಂದಲೇ ಬಂದದ್ದು ಆರ್ಲೋಗೆ ವಿಚಿತ್ರವೆನಿಸಿತು.

"ಇಷ್ಟ್ ಬೇಗ ಮುಗಿದುಹೋಗುತ್ತೆ ಅಂತ ಗೊತ್ತಿರ್ಲಿಲ್ಲ ಅಜ್ಜ."

ಅವನು ಅವಳ ಹೆಗಲ ಮೇಲೆ ಕೈಯಿಟ್ಟ. ಕ್ರೇನು ಕಾರನ್ನು ಎತ್ತಿತು. ಮಡಚಿದ ಹಸಿರು ಮೈಯಿಂದ ಕೆಸರು ಸುರಿಯಿತು.

"ನಮಗೂ ಗೊತ್ತಿರ್ಲಿಲ್ಲ," ಅಂದ ಆರ್ಲೋ.