ತೀರದಲ್ಲಿ ಓಡಾಡುವ ಒಬ್ಬ ವ್ಯಕ್ತಿ

ಮೂರು ವರ್ಷದಿಂದ ಒಂದಿಷ್ಟೂ ಗ್ಯಾಸ್ ಹರಿಯದ ಪೈಪಿಗೆ ‘ಇನ್ನು ನೀನು ಬೇಡ’ ಎಂದು ಹೇಳಲು ನೂರ ನಲವತ್ತು ಪುಟ ಬೇಕಾಗುತ್ತದೆ. ಆ ನೂರ ನಲವತ್ತನ್ನೂ ಬರೆದವಳು ನಾನು. ಹದಿನಾರು ವರ್ಷದಿಂದ ಪರಿಸರ ಪರಿಶೀಲನೆಯ ವರದಿ ಬರೆಯುವುದೇ ನನ್ನ ಹೊಟ್ಟೆಪಾಡು. ಅದನ್ನೆಲ್ಲ ಯಾರಾದರೂ ಓದುತ್ತಾರಾ ಎಂದು ಮಾತ್ರ ಕೇಳಬೇಡಿ, ಸಿಟ್ಟು ನೆತ್ತಿಗೇರುತ್ತದೆ.

ಪೈಪು ನದಿಯನ್ನು ದಾಟುವುದು ನೀರಿನ ಮೇಲಲ್ಲ, ತಳದ ಮರಳಿನ ಅಡಿಯಲ್ಲಿ. ಅದಕ್ಕೆ ವಯಸ್ಸಾಯಿತೆಂದು ಕಂಪನಿಯವರು ಇನ್ನೂ ಆಳದಲ್ಲಿ ಹೊಸದೊಂದನ್ನು ಹಾಕಿ ಹಳೆಯದನ್ನು ಖಾಲಿ ಮಾಡಿದ್ದರು. ಈಗ ಹಳೆಯದನ್ನು ಏನು ಮಾಡುವುದು? ಎಳೆದು ಹೊರಗೆ ತೆಗೆಯಬಹುದು; ಇಲ್ಲವೇ ಒಳಗೆ ಸಿಮೆಂಟ್ ನೀರು ತುಂಬಿ, ಎರಡೂ ತುದಿಗೆ ಮುಚ್ಚಳ ಬೆಸೆದು, ಇದ್ದಲ್ಲೇ ಬಿಡಬಹುದು. ಎಳೆದರೆ ನದಿಯ ತಳವೆಲ್ಲ ಕದಡಿ ಮೀನುಗಳ ಪಾಡು ನಾಯಿಪಾಡು. ಹಾಗಾಗಿ ಇದ್ದಲ್ಲೇ ಬಿಡುವುದು ವಾಸಿ. ಇದು ಮೊದಲ ದಿನವೇ ಎಲ್ಲರಿಗೂ ಗೊತ್ತಿತ್ತು. ಸಾಬೀತು ಮಾಡಲು ಎಂಟು ತಿಂಗಳು ಹಿಡಿಯಿತು.

ಆ ಪೈಪಿನ ಲೈನ್ ವಾಕರ್ ನನ್ನ ಸೋದರಮಾವ, ಅಮ್ಮನ ತಮ್ಮ. ಲೈನ್ ವಾಕರ್ ಅಂದರೆ ಪೈಪು ಹೋದ ದಾರಿಯಲ್ಲೇ ದಿನಾ ನಡೆದು, ಎಲ್ಲಿ ಸೋರುತ್ತಿದೆ, ಯಾರು ಅಗೆಯುತ್ತಿದ್ದಾರೆ ಎಂದು ನೋಡುವವರು. ಮೂವತ್ತೊಂದು ವರ್ಷದಿಂದ ಮಾವ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ನಡೆದಿದ್ದಾರೆ. ಪೈಪು ಖಾಲಿಯಾದ ಮೇಲೂ ನಡೆದರು, ಏಕೆಂದರೆ ನಿಲ್ಲಿಸಿ ಎಂದು ಆದೇಶ ಬರಬೇಕಾದರೆ ಮೊದಲು ವರದಿ ಬರಬೇಕು. ವರದಿ ಬರೆಯಬೇಕಾದವಳು ನಾನು. ‘ಖಾಲಿ ಪೈಪು ಕಾಯ್ತೀರಲ್ಲ ಮಾವ’ ಎಂದು ಒಮ್ಮೆ ರೇಗಿಸಿದ್ದಕ್ಕೆ, ‘ಖಾಲಿ ಮನೆಗೆ ಬೀಗ ಹಾಕಲ್ವೇನೆ?’ ಎಂದು ನನ್ನ ಬಾಯಿ ಮುಚ್ಚಿಸಿದ್ದರು.

ನಮ್ಮವರೊಬ್ಬರು ಈ ಕೆಲಸದಲ್ಲಿದ್ದಾರೆಂದು ನಾನು ಮೊದಲೇ ಕಚೇರಿಗೆ ಬರೆದುಕೊಟ್ಟಿದ್ದೆ. ‘ಲೈನ್ ವಾಕರಾ? ಬಿಡಿ ಬಿಡಿ, ಅವರು ಬಾಧಿತರ ಪಟ್ಟಿಯಲ್ಲೇ ಬರಲ್ಲ’ ಎಂದರು.

ಬಾಧಿತರಲ್ಲದಿದ್ದರೇನು, ಹೊಸ ಪೈಪನ್ನು ಯಂತ್ರಗಳೇ ಕಾಯುವುದರಿಂದ ಹಳೆಯದು ನಿವೃತ್ತಿಯಾದ ದಿನವೇ ಮಾವನೂ ಮನೆಗೆ. ಅವರ ಆಸೆಯೆಲ್ಲ ಒಂದೇ ಸಾಲಿನ ಮೇಲಿತ್ತು. ಪೈಪು ಮುಚ್ಚಿದ ಮೇಲೆ ಐದು ವರ್ಷ ತೀರವನ್ನು ನೋಡಿಕೊಳ್ಳಲು ಒಬ್ಬ ಕಾವಲುಗಾರ ಬೇಕೆಂದು ವರದಿಯಲ್ಲಿ ಸೂಚಿಸಲು ಅವಕಾಶವಿದೆ. ಇದು ಅವರಿಗೆ ಹೇಗೋ ತಿಳಿದಿತ್ತು.

“ಪುಟ್ಟಿ, ಆ ಒಂದು ಸಾಲು ಬರ್ದುಬಿಡು ಸಾಕು” ಎಂದಿದ್ದರು. ನನಗೆ ನಲವತ್ತು ಸಮೀಪಿಸಿದ್ದರೂ ಅವರಿಗೆ ನಾನಿನ್ನೂ ಪುಟ್ಟಿಯೇ. “ನಂಗೆ ಮನೇಲಿ ಕೂರಕ್ಕೆ ಬರಲ್ಲ ಕಣೆ. ಭಾನುವಾರ ಒಂದಿನ ಕೂತ್ರೇನೇ ಕಾಲು ಜೋಮು ಹಿಡಿಯುತ್ತೆ.”

“ಬರೀತೀನಿ ಮಾವ” ಎಂದೆ. ಬರೆದೆ ಕೂಡ. ತೊಂಬತ್ತೆಂಟನೇ ಪುಟ: ತೀರದ ಕಾವಲುಗಾರ, ಒಂದು ಹುದ್ದೆ, ಐದು ವರ್ಷ, ಸ್ಥಳದ ಪರಿಚಯ ಇರುವವರಿಗೆ ಆದ್ಯತೆ.

ಅಲ್ಲಿಗೆ ನಿಲ್ಲಿಸಿ ಸಹಿ ಹಾಕಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ನಮ್ಮ ಮುಖ್ಯಸ್ಥರಿದ್ದಾರಲ್ಲ, ಅವರಿಗೆ ಖಾಲಿ ಕಾಲಂ ಕಂಡರೆ ಮೈಯೆಲ್ಲ ಉರಿ. ಬೆನ್ನ ಹಿಂದೆ ಎಲ್ಲರೂ ಅವರನ್ನು ಕಾಲಂ ಸಾಹೇಬರು ಎನ್ನುತ್ತೇವೆ. ವರದಿ ಅಚ್ಚಿಗೆ ಹೋಗುವ ದಿನ ಸಂಜೆ ಅವರು ನನ್ನ ಮೇಜಿನ ಮುಂದೆ ಪ್ರತ್ಯಕ್ಷರಾದರು.

“ಇದೇನಮ್ಮಾ ಇದು? ‘ಕೆಟ್ಟ ಪರಿಣಾಮಗಳು’ ಅಂತಿರೋ ಕಡೆ ಹನ್ನೆರಡು ಇದೆ. ‘ಒಳ್ಳೆಯ ಪರಿಣಾಮಗಳು’ ಅನ್ನೋ ಕಡೆ ಬೋಳು.”

“ಸಾರ್, ಏನೂ ಮಾಡ್ತಿಲ್ವಲ್ಲ ನಾವು? ಇದ್ದಲ್ಲೇ ಬಿಡ್ತಿದ್ದೀವಿ.”

“ಒಂದಾದ್ರೂ ಬರೀರಿ. ಒಂದೇ ಒಂದು. ಬೋಳು ಬಿಟ್ರೆ ನಾಳೆ ವಿಚಾರಣೆ ನಡೆಸೋ ಅಧಿಕಾರಿ ನನ್ನ ತಲೆ ಬೋಳಿಸ್ತಾರೆ.”

ಗಂಟೆ ಐದೂ ಕಾಲು. ನನ್ನ ಬಸ್ಸು ಐದೂವರೆಗೆ. ಹಕ್ಕಿಗಳ ತಜ್ಞನ ಹಾಳೆಯನ್ನು ಎಳೆದುಕೊಂಡೆ. ಆತ ನದಿಯ ದಿಣ್ಣೆಯ ಹತ್ತಿರ ಜೊಂಡಿನ ಮರೆ ಕಟ್ಟಿಕೊಂಡು ಮೂರು ದಿನ ಕುಳಿತು, ಮರಳಿನಲ್ಲಿ ಮೊಟ್ಟೆಯಿಡುವ ಹಕ್ಕಿಗಳನ್ನು ಎಣಿಸಿ ಬಂದಿದ್ದ. ಗೂಡು ನಾಲ್ಕು. ಕೆಳಗೆ ಸಣ್ಣದಾಗಿ, ‘ಮಾನವ ಸಂಚಾರ: ಒಬ್ಬ ವ್ಯಕ್ತಿ, ದಿನಕ್ಕೆರಡು ಬಾರಿ, 7.10 ಮತ್ತು 4.40. ಪ್ರತಿ ಸಲವೂ ಹಕ್ಕಿಗಳು ಗೂಡು ಬಿಟ್ಟು ಏಳುತ್ತವೆ’ ಎಂದಿತ್ತು. ಸಿಕ್ಕಿತಲ್ಲ ಎಂದುಕೊಂಡು ಟೈಪ್ ಮಾಡಿದೆ: ‘ಪೈಪ್‌ಲೈನ್ ನಿವೃತ್ತಿಯ ನಂತರ ತೀರದಲ್ಲಿ ಓಡಾಡುವ ಒಬ್ಬ ವ್ಯಕ್ತಿಯ ಸಂಚಾರ ನಿಲ್ಲುವುದರಿಂದ ಗೂಡು ಕಟ್ಟುವ ಹಕ್ಕಿಗಳಿಗೆ ಅನುಕೂಲವಾಗುವುದು.’ ಸಾಹೇಬರು ಓದಿ ‘ಭೇಷ್’ ಎಂದರು. ಬಸ್ಸೂ ಸಿಕ್ಕಿತು.

ಆ ಒಬ್ಬ ವ್ಯಕ್ತಿ ಯಾರೆಂದು ಹೊಳೆಯಲಿಲ್ಲವಾ ಎಂದು ನೀವು ಕೇಳಬಹುದು. ಆಣೆಗೂ ಹೊಳೆಯಲಿಲ್ಲ. ಹದಿನಾರು ವರ್ಷ ಈ ಕೆಲಸ ಮಾಡಿದರೆ ಹಾಗಾಗುತ್ತದೆ. ವರದಿಯಲ್ಲಿ ಮನುಷ್ಯರಿರುವುದಿಲ್ಲ, ಸಂಚಾರ ಮಾತ್ರ ಇರುತ್ತದೆ.

ಹೊಳೆದದ್ದು ಸಾರ್ವಜನಿಕ ವಿಚಾರಣೆಯ ದಿನ, ಇನ್ನೂರು ಕುರ್ಚಿ ಹಾಕಿದ್ದ ಸಭಾಂಗಣದಲ್ಲಿ. ಬಂದವರು ಹನ್ನೊಂದು ಜನ, ಅದರಲ್ಲಿ ನಾಲ್ವರು ನಾವೇ. ಮಾವ ಇಸ್ತ್ರಿ ಮಾಡಿದ ಸಮವಸ್ತ್ರ ಹಾಕಿಕೊಂಡು ಮೊದಲ ಸಾಲಿನಲ್ಲಿ ಕುಳಿತಿದ್ದರು. ನನ್ನನ್ನು ನೋಡಿ ಪಕ್ಕದವರಿಗೆ ‘ನಮ್ಮಕ್ಕನ ಮಗಳು, ಪೂರ್ತಿ ಅವಳೇ ಬರ್ದಿದ್ದು’ ಎಂದದ್ದು ವೇದಿಕೆಯವರೆಗೂ ಕೇಳಿಸಿತು. ವಿಚಾರಣೆ ನಡೆಸುವ ಅಧಿಕಾರಿ ಸಾರಾಂಶ ಓದುತ್ತಾ ಓದುತ್ತಾ ಒಳ್ಳೆಯ ಪರಿಣಾಮಕ್ಕೆ ಬಂದರು. ‘ತೀರದಲ್ಲಿ ಓಡಾಡುವ ಒಬ್ಬ ವ್ಯಕ್ತಿ’ ಎಂದು ಅವರ ಬಾಯಲ್ಲಿ ಕೇಳಿದ್ದೇ ತಡ, ಅದು ಯಾರೆಂದು ನನಗೆ ಹೊಳೆಯಿತು. ಅಯ್ಯೋ ದೇವರೇ ಎಂದುಕೊಳ್ಳುವಷ್ಟರಲ್ಲಿ ಮಾವ ಎದ್ದು ನಿಂತಿದ್ದರು.

“ಸ್ವಾಮಿ, ಒಂದು ನಿಮಿಷ. ಯಾರವನು?”

“ಯಾರು?”

“ಅದೇ, ಹಕ್ಕಿಗಳಿಗೆ ತೊಂದ್ರೆ ಕೊಡ್ತಿರೋನು. ಅಲ್ಲಾ ಸ್ವಾಮಿ, ಮೂವತ್ತೊಂದು ವರ್ಷದಿಂದ ನಾನಲ್ಲಿ ಲೈನ್ ವಾಕರು. ದಿನಕ್ಕೆ ಎರಡು ಸಲ ಕಣ್ಣಲ್ಲಿ ಕಣ್ಣಿಟ್ಟು ನೋಡ್ತೀನಿ. ಈ ಹಕ್ಕಿ ಎಣಿಸೋರನ್ನ ಬಿಟ್ರೆ ಒಂದು ನರಪಿಳ್ಳೆ ಅಲ್ಲಿ ಕಾಲಿಟ್ಟಿಲ್ಲ.”

ಚೀಲದಿಂದ ತಮ್ಮ ದಿನಚರಿ ಪುಸ್ತಕ ತೆಗೆದು ಮೇಜಿನ ಮೇಲಿಟ್ಟರು. ಅಧಿಕಾರಿ ತೆರೆದು ನೋಡಿದರು. ಪುಟದಿಂದ ಪುಟಕ್ಕೆ ಒಂದೇ ಸಾಲು: ‘ಎಲ್ಲಾ ಸರಿ ಇದೆ. ಯಾರೂ ಬಂದಿಲ್ಲ.’ ಮಾವನ ಲೆಕ್ಕದಲ್ಲಿ ತಾವು ಬಂದವರಲ್ಲ, ಅಲ್ಲಿಯವರು.

ಹಕ್ಕಿಗಳ ತಜ್ಞ ಬಾಯಿ ತೆರೆದ. ಮಾವನನ್ನು ನೋಡಿದ. ಮರೆಯಲ್ಲಿ ಕುಳಿತ ಮೂರೂ ದಿನ ಅವರೇ ಆತನಿಗೆ ಫ್ಲಾಸ್ಕಿನಲ್ಲಿ ಚಹಾ ತಂದುಕೊಟ್ಟಿದ್ದರಂತೆ. ಆಮೇಲೆ ನನ್ನನ್ನು ನೋಡಿ, ಬೀಳದ ಪೆನ್ನನ್ನು ಹುಡುಕಲು ಮೇಜಿನ ಕೆಳಗೆ ಬಗ್ಗಿದ. ‘ಮಾವ, ಅದು ನೀವೇ’ ಎಂದು ಹನ್ನೊಂದು ಜನರ ಮುಂದೆ ಹೇಳುವ ಧೈರ್ಯ ನನಗಿರಲಿಲ್ಲ. ಹೇಡಿ ನಾನು. ಈಗಲೂ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ.

ದಾಖಲೆಗಳು ಒಂದಕ್ಕೊಂದು ತಾಳೆಯಾಗದ ಕಾರಣ ಹತ್ತು ದಿನ ಮತ್ತೊಮ್ಮೆ ಗಮನಿಸಿ ವರದಿ ಕೊಡಿ ಎಂದು ಅಧಿಕಾರಿ ಆದೇಶಿಸಿದರು. “ಅವನನ್ನ ಹಿಡ್ಕೊಡೋದು ನನ್ನ ಜವಾಬ್ದಾರಿ ಸ್ವಾಮಿ” ಎಂದರು ಮಾವ. ಚಪ್ಪಾಳೆ ಬಿತ್ತು. ಮೊದಲು ತಟ್ಟಿದವರು ಕಾಲಂ ಸಾಹೇಬರು.

ಮನೆಗೆ ಬಂದು ಅಮ್ಮನಿಗೆ ಹೇಳಿದರೆ, ತರಕಾರಿ ಹೆಚ್ಚುತ್ತಿದ್ದವಳು ಚಾಕು ಕೆಳಗಿಟ್ಟಳು.

“ಅವನೇನು ಹಕ್ಕಿ ಹಿಡ್ಕೊಂಡು ತಿಂತಿದ್ನಾ?”

“ಇಲ್ಲಮ್ಮ. ನಡೀತಾರೆ, ಅಷ್ಟೇ.”

“ನಡೆಯೋದೂ ತಪ್ಪಾ? ಹಂಗಾದ್ರೆ ಆ ಹಕ್ಕಿ ಎಣಿಸೋನು ಅಲ್ಲಿಗೆ ಹಾರ್ಕೊಂಡು ಹೋಗಿದ್ನಾ?”

ಹದಿನಾರು ವರ್ಷದಲ್ಲಿ ಯಾವ ಅಧಿಕಾರಿಯೂ ಕೇಳದ ಪ್ರಶ್ನೆ ಅದು. ನೀನೇ ಹೋಗಿ ಅವನಿಗೆ ಹೇಳು, ಬೇರೆಯವರ ಬಾಯಿಂದ ಕೇಳೋ ಹಾಗೆ ಮಾಡಬೇಡ ಎಂದು ಅಮ್ಮ ಖಡಾಖಂಡಿತ ಹೇಳಿದಳು. ಹೂಂ ಎಂದೆ. ಇವತ್ತು ನಾಳೆ ಎಂದು ಹತ್ತು ದಿನ ತಳ್ಳಿದೆ.

ಆ ಹತ್ತು ದಿನ ಮಾವ ಏನು ಮಾಡಿದರು ಗೊತ್ತೇ? ತಾವು ಓಡಾಡುತ್ತಿದ್ದರೆ ಕಳ್ಳ ಎಚ್ಚೆತ್ತುಕೊಳ್ಳುತ್ತಾನೆಂದು ನಡೆಯುವುದನ್ನೇ ನಿಲ್ಲಿಸಿದರು. ಬೆಳಿಗ್ಗೆ ಹಿಂದಿನ ಮುಳ್ಳುಪೊದೆಯ ದಾರಿಯಿಂದ ಬಂದು ತಜ್ಞ ಬಿಟ್ಟುಹೋಗಿದ್ದ ಜೊಂಡಿನ ಮರೆಯಲ್ಲಿ ಕುಳಿತರೆ, ಸಂಜೆ ಅದೇ ದಾರಿಯಲ್ಲಿ ವಾಪಸ್ಸು. ತಜ್ಞ ಈ ಸಲ ಎದುರು ದಡದಿಂದ ಎಣಿಸಿದ. ಮಾನವ ಸಂಚಾರ: ಸೊನ್ನೆ. ಗೂಡುಗಳು: ಒಂಬತ್ತು.

ಕಾಲಂ ಸಾಹೇಬರು ಕುಣಿಯುವುದೊಂದು ಬಾಕಿ. “ನೋಡಿದ್ರಾ? ನಾವು ಸುಮ್ನೆ ತುಂಬಿಸಿದ್ದು ನಿಜ ಆಗ್ಬಿಡ್ತು!” ಅದೇ ಉತ್ಸಾಹದಲ್ಲಿ ತೊಂಬತ್ತೆಂಟನೇ ಪುಟ ತೆರೆದು, ಕಾವಲುಗಾರನ ಸಾಲಿನ ಮೇಲೆ ಕೆಂಪು ಗೆರೆ ಎಳೆದರು.

“ಸಾರ್, ಅದು ಇರಲಿ ಸಾರ್. ತೀರ ಕಾಯೋಕೆ ಒಬ್ಬರಾದ್ರೂ ಬೇಡ್ವಾ?”

“ಕಾಯೋನು ಓಡಾಡಲ್ವೇನಮ್ಮಾ? ಅದೂ ಸಂಚಾರ ತಾನೇ? ಸಂಚಾರ ನಿಂತ್ರೆ ಒಳ್ಳೇದು ಅಂತ ಬರ್ದೋರು ನೀವೇ.”

ಜಗಳವಾಡಿದೆ. ಹದಿನಾರು ವರ್ಷದಲ್ಲಿ ಮೊದಲ ಸಲ ಆ ಕೋಣೆಯಲ್ಲಿ ದನಿ ಏರಿಸಿದೆ. ಅಷ್ಟೆಲ್ಲ ಕೂಗಾಡಿದರೂ ನನ್ನ ವಾಕ್ಯಕ್ಕೆ ನನ್ನ ಹತ್ತಿರವೇ ಎದುರುಮಾತು ಸಿಗಲಿಲ್ಲ. ಅದು ಅಷ್ಟು ಸರಿಯಾಗಿತ್ತು. ಅರ್ಧ ದಿನ ರಜೆ ಬರೆದಿಟ್ಟು ನದಿಗೆ ಹೊರಟೆ.

ಮುಳ್ಳುಪೊದೆ ನುಸುಳಿ ಬರುವಷ್ಟರಲ್ಲಿ ಸೆರಗು ಎರಡು ಕಡೆ ಹರಿದಿತ್ತು. ಮಾವ ನನ್ನ ಕೈ ಹಿಡಿದು ಮರೆಯೊಳಕ್ಕೆ ಎಳೆದುಕೊಂಡರು.

“ಶ್! ಬಗ್ಗು, ಬಗ್ಗು. ಹತ್ತು ದಿನ ಆಯ್ತು ಪುಟ್ಟಿ, ಒಬ್ಬನೂ ಬಂದಿಲ್ಲ. ಸಭೇಲಿ ನಾನಂದಿದ್ದು ಕಿವಿಗೆ ಬಿದ್ದು ಹೆದರ್ಕೊಂಡಿರ್ಬೇಕು, ಬಡ್ಡಿಮಗ.”

“ಮಾವ, ನಾನೊಂದು ವಿಷಯ ಹೇಳಕ್ಕೆ…”

“ಆಮೇಲೆ ಹೇಳುವೆಯಂತೆ. ಮೊದ್ಲು ಅಲ್ಲಿ ನೋಡು.”

ಹತ್ತು ಮಾರು ದೂರದಲ್ಲಿ, ಮರಳಿನ ಸಣ್ಣ ಗುಳಿಯೊಂದರಲ್ಲಿ ಹಕ್ಕಿ ಕುಳಿತಿತ್ತು. ಅದರ ಹೊಟ್ಟೆಯ ಕೆಳಗಿನಿಂದ ಮರಿಯೊಂದು ತಲೆ ಹೊರಗೆ ಹಾಕುವುದು, ತಾಯಿ ಅದನ್ನು ಕೊಕ್ಕಿನಿಂದ ಒಳಗೆ ತಳ್ಳುವುದು, ಇದು ಬಿಟ್ಟರೆ ಅಲ್ಲಿ ಬೇರೇನೂ ನಡೆಯುತ್ತಿರಲಿಲ್ಲ. ಮಾವನ ಮುಖದಲ್ಲಿ ಅಂಥ ಸಂತೋಷವನ್ನು ನಾನು ಯಾವತ್ತೂ ನೋಡಿರಲಿಲ್ಲ.

“ಮೂವತ್ತೊಂದು ವರ್ಷ ಕಣೆ” ಎಂದು ಪಿಸುಗುಟ್ಟಿದರು. “ಇವು ನೆಲದ ಮೇಲೆ ಕೂತಿದ್ದನ್ನ ನಾನು ನೋಡೇ ಇರ್ಲಿಲ್ಲ. ಯಾವಾಗ ಬಂದ್ರೂ ತಲೆ ಮೇಲೆ ಕಿರುಚ್ಕೊಂಡು ಹಾರಾಡ್ತಿರ್ತಿದ್ವು. ಇವಕ್ಕೆ ಹಾರಾಡೋದು ಬಿಟ್ರೆ ಬೇರೆ ಕೆಲ್ಸಾನೇ ಇಲ್ಲ ಅಂದ್ಕೊಂಡಿದ್ದೆ. ಯಾವಾಗ ಬಂದ್ರೂ…”

ಅಲ್ಲಿಗೆ ನಿಲ್ಲಿಸಿದರು. ಮರೆಯ ಕಿಂಡಿಯಿಂದ ತಾವು ದಿನಾ ನಡೆಯುತ್ತಿದ್ದ ದಾರಿಯ ಕಡೆ ನೋಡಿದರು.

“ಪುಟ್ಟಿ, ಅವನು ಬರೋ ಹೊತ್ತು ಬರ್ಕೊಂಡಿದ್ದಾರಾ?”

“ಹೂಂ ಮಾವ.”

“ಎಷ್ಟೊತ್ತು?”

“ಬೆಳಿಗ್ಗೆ ಏಳು ಹತ್ತು. ಸಂಜೆ ನಾಲ್ಕು ನಲವತ್ತು.”

ಮಾವ ತಮ್ಮ ಕೈಗಡಿಯಾರ ನೋಡಿಕೊಂಡರು, ಅದು ಬೇರೆಯವರದೇನೋ ಎಂಬಂತೆ.

“ಹೌದು. ಏಳಕ್ಕೇ ಬರ್ಬೋದಿತ್ತು. ಆ ತಂತಿಬೇಲಿ ದಾಟೋಕೆ ಹತ್ತು ನಿಮಿಷ ಹಿಡೀತಿತ್ತು.”

ನನಗೆ ತಡೆಯಲಾಗಲಿಲ್ಲ, ಅತ್ತುಬಿಟ್ಟೆ. “ಬರೀವಾಗ ನಂಗೆ ಹೊಳೀಲೇ ಇಲ್ಲ ಮಾವ. ಬೈಯಿರಿ ನಂಗೆ.”

“ಶ್, ಜೋರಾಗಿ ಅಳಬೇಡ. ಏಳ್ತವೆ ಅವು.” ಆಮೇಲೆ ಕೇಳಿದರು, “ಆ ಕಾವಲಿನ ಸಾಲು?”

“ತೆಗೆದುಬಿಟ್ರು.”

“ಸರಿಯಾಗೇ ಮಾಡಿದ್ದಾರೆ.”

ಕೊಂಕಿಗೆ ಅಂದರೇನೋ ಎಂದು ಮುಖ ನೋಡಿದೆ. ಇಲ್ಲ, ಮನಸ್ಸಿನಿಂದಲೇ ಅಂದಿದ್ದರು. ಒಂದು ಮಾತು ಬೈದಿದ್ದರೂ ನಾನು ಬದುಕಿಕೊಳ್ಳುತ್ತಿದ್ದೆ.

ಚೀಲ ಹೆಗಲಿಗೇರಿಸಿ ಮೆಲ್ಲಗೆ ಹಿಂದಿನಿಂದ ಹೊರಬಿದ್ದರು. ಹಿಂದೆ ನಾನು. ಮುಳ್ಳಿನ ಕೊಂಬೆ ಬಂದಲ್ಲೆಲ್ಲ ಕೈಯಿಂದ ಎತ್ತಿ ಹಿಡಿದು ನನ್ನನ್ನು ದಾಟಿಸಿದರು. ಹಕ್ಕಿಗಳ ಸದ್ದು ಕೇಳದಷ್ಟು ದೂರ ಬಂದ ಮೇಲೆ ನಿಂತರು. ಅಲ್ಲಿ ನಿಂತು ಸಾಮಾನ್ಯವಾದ ದನಿಯಲ್ಲಿ, ಯಾವುದೋ ಬಸ್ಸಿನ ವೇಳೆ ವಿಚಾರಿಸುವವರ ಹಾಗೆ ಕೇಳಿದರು:

“ಅಲ್ಲಾ ಪುಟ್ಟಿ, ನಾಳೆ ಬೆಳಿಗ್ಗೆ ಏಳು ಹತ್ತಕ್ಕೆ ನಾನೇನು ಮಾಡ್ಲಿ?”